ತೂತು ಬಿದ್ದ ರೂಪಾಯಿ

ನಿನ್ನೆ ಮಾಳಮಡ್ಡಿಯಲ್ಲಿ ಹಳೆಯ ನಾಣ್ಯಗಳ ಪ್ರದರ್ಶನವಿತ್ತು. ಗಾಜಿನ ಕೆಳಗೆ ನಮ್ಮ ಮನೆಯಲ್ಲಿದ್ದಂಥದೇ ಒಂದು ಬೆಳ್ಳಿ ರೂಪಾಯಿ ಕಂಡಿತು. ರಾಜನ ಗಡ್ಡದ ಕೂದಲು ಕೂಡ ಸವೆದಿರಲಿಲ್ಲ. ನಮ್ಮ ರೂಪಾಯಿಗೆ ಮಾತ್ರ ಅವನ ನೆತ್ತಿಯ ಮೇಲೊಂದು ತೂತಿದೆ.

ನನ್ನ ನಂತರ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಆಮೇಲೆ ತಮ್ಮ ಹುಟ್ಟಿದ. ಇವನಾದರೂ ಉಳಿಯಲೆಂದು ಕೊರಳಿಗೆ ಕಟ್ಟಲು, ನನ್ನ ಅಜ್ಜಿ ದೇವರ ಮನೆಯಲ್ಲಿದ್ದ ಆ ರೂಪಾಯಿಯನ್ನು ಅಕ್ಕಸಾಲಿ ಕೆಲಸದ ಪತ್ತಾರನ ಮುಂದಿಟ್ಟಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಂಥಾದ್ದು ಸಿಗೂದ ಅಪರೂಪರೀ ಆಯಿ. ಒಂಚೂರೂ ಸವದಿಲ್ಲ. ತೂತು ಹಾಕಿದ್ರ ಕಿಮ್ಮತ್ತು ಹೋಗ್ತದ."

"ಹೋಗ್ಲಿ. ನಮಗ ಕೂಸಿಗಿಂತ ಅಪರೂಪದ್ದು ಏನದ? ಹಾಕು."

ಕರಿ ದಾರದಲ್ಲಿ ಪೋಣಿಸಿದ ರೂಪಾಯಿಯನ್ನು ತಮ್ಮ ಸದಾ ಚೀಪುತ್ತಿದ್ದ. ಎತ್ತಿಕೊಂಡರೆ ಜೊಲ್ಲಿನಲ್ಲಿ ತೊಯ್ದ ಬೆಳ್ಳಿ ನನ್ನ ಕತ್ತಿಗೆ ತಣ್ಣಗೆ ತಾಗುತ್ತಿತ್ತು. ಹಲ್ಲು ಮೂಡುವ ಮೊದಲೇ ಜ್ವರ ಬಂದು ಅವನೂ ಹೋದ. ಅಜ್ಜಿ ಅವನ ಕೊರಳಿನ ದಾರ ಬಿಚ್ಚಿಕೊಂಡಳು. ಆಮೇಲೆ ಅವಳು ಯಾವ ದೇವರಿಗೂ ದೀಪ ಹಚ್ಚಲಿಲ್ಲ.

ಅಜ್ಜಿಯ ನಂತರ ನನ್ನ ಬಳಿ ಉಳಿದ ಆ ರೂಪಾಯಿಯನ್ನು ನಿನ್ನೆ ಪರ್ಸಿನಿಂದ ತೆಗೆದು ಪ್ರದರ್ಶನದಲ್ಲಿದ್ದ ನಾಣ್ಯದ ವ್ಯಾಪಾರಿಗೆ ತೋರಿಸಿದೆ. ಅವನು ಭೂತಗನ್ನಡಿ ಹಿಡಿದು ನೋಡಿದ.

"ಈ ಇಸ್ವಿದು ಭಾಳ ಅಪರೂಪರೀ ಅಕ್ಕಾರ. ತೂತಿರಲಿಲ್ಲಂದ್ರ ಹುಡುಕ್ಕೊಂಡು ಬರ್ತಿದ್ರು. ಈಗ ಬರೇ ಬೆಳ್ಳಿ ತೂಕ ಅಷ್ಟ. ಯಾಕ ಹಾಕಿಸಿದ್ರಿ?"

"ಮನ್ಯಾಗಿನ ಕೂಸು ಉಳೀಲಿ ಅಂತ."

ಅವನು ನನ್ನ ಮುಖ ನೋಡಿ ನಕ್ಕ. "ಆ ಕೂಸು ನೀವ ಏನ್ರಿ? ಹಂಗಾರ ಕಿಮ್ಮತ್ತು ವಸೂಲಾತು ಬಿಡ್ರಿ!"

"ಹೌದ್ರಿ" ಎಂದು ರೂಪಾಯಿ ಇಸಿದುಕೊಂಡೆ.