ಹೆಡ್ ಕ್ಲರ್ಕ್ ಸಾಹೇಬರ ಹೊಟ್ಟೆ

ವಾಡಿಯ ಕಾರ್ಖಾನೆಯಲ್ಲಿ ಬಸವಂತರಾಯ ಹೆಡ್ ಕ್ಲರ್ಕ್ ಆದದ್ದು 1974ರಲ್ಲಿ. ಅದೇ ವರ್ಷ ಅವನ ಹೊಟ್ಟೆಯೂ ಕಟ್ಟಿತು. ತೆಂಗಳಿ ಎಂಬ ಹಳ್ಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ಆಸಾಮಿ. ಕುರ್ಚಿ ಸಿಕ್ಕ ಮರುದಿನವೇ ಹೆಂಡತಿ ಚಂದಮ್ಮನಿಗೆ ಹುಕುಂ ಹೊರಡಿಸಿದ: "ಇನ್ಮ್ಯಾಲ ಈ ಮನ್ಯಾಗ ಜ್ವಾಳದ ರೊಟ್ಟಿ ಕಾಣಬಾರದು. ಅದು ಕೂಲಿ ಮಂದಿ ಊಟ."

ಮುಂಜಾನೆ ಬೇಕರಿಯ ಡಬಲ್ ರೊಟ್ಟಿ, ಚಹಾ. ಮಧ್ಯಾಹ್ನ ಮಲ್ಲಿಗೆಯಂಥ ಅನ್ನ. ಸಂಜೆ ಬಿಸ್ಕೀಟು. ಮಜ್ಜಿಗೆ ಹಳ್ಳಿ ಗಮಾರರದಂತೆ. ನೀರು ಕುಡಿಯಲು ಸಾಹೇಬರಿಗೆ ಪುರುಸೊತ್ತಿಲ್ಲವಂತೆ. ಫಲವಾಗಿ ದಿನಾ ಪಾಯಖಾನೆಯಲ್ಲಿ ಮುಕ್ಕಾಲು ಗಂಟೆ ದರ್ಬಾರು. ಹೊರಗೆ ಚಂದಮ್ಮ, ಮಗಳು ರತ್ನಾಬಾಯಿ ಕಾಯುತ್ತ ನಿಂತಿರಬೇಕು. ಆಫೀಸಿನಲ್ಲಿ ಮಂದಿಯ ಅರ್ಜಿಗಳನ್ನು ವಾರಗಟ್ಟಲೆ ತಡೆದಿಡುವವನ ಒಳಗೂ ಅದೇ ಕಾರುಬಾರು ನಡೆದಿತ್ತು. ವಾರಕ್ಕೆರಡು ಸಲ ಜುಲಾಬಿಗೆ ಸೋನಾಮುಖಿ ಪುಡಿ, ಅದೂ ಸಾಲದಾದಾಗ ಔಡಲೆಣ್ಣೆ.

ಚಂದಮ್ಮ ಒಂದೆರಡು ಸಲ ರೊಟ್ಟಿಯ ಮಾತು ತೆಗೆದಳು. "ನಿನಗೇನ್ ತಿಳಿತದ?" ಅಂದ. ಆಮೇಲೆ ಅವಳು ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಬಿಟ್ಟಳು. ಅವನು ಆಫೀಸಿಗೆ ಹೋದ ಮೇಲೆ ರೊಟ್ಟಿ ಬಡಿದು, ಪಲ್ಯ, ಮಜ್ಜಿಗೆಯ ಜೊತೆ ತಾಯಿ ಮಗಳು ಹೊಟ್ಟೆ ತುಂಬ ಉಂಡು, ಅವನು ಬರುವಷ್ಟರಲ್ಲಿ ಹಂಚು ತೊಳೆದಿಡುತ್ತಿದ್ದರು. ಬಿಳಿ ಅನ್ನ ನುಂಗುವ ಗಂಡನನ್ನು ನೋಡಿ ಚಂದಮ್ಮ ಒಳಗೊಳಗೇ ನಗುತ್ತಿದ್ದಳು.

ನಾಲ್ಕನೇ ವರ್ಷ ಪಾಯಖಾನೆಯಲ್ಲಿ ರಕ್ತ ಬಿತ್ತು. ಅವಳ ನಗು ನಿಂತಿತು. ಶಹಾಬಾದಿನ ಡಾಕ್ಟರ್ ಅಬ್ದುಲ್ ಕರೀಮ್ ಪರೀಕ್ಷೆ ಮಾಡಿ, "ಮೂಲವ್ಯಾಧಿ ಆಗ್ಯಾದ. ಹಿಂಗೇ ನಡೆದ್ರ ಆಪರೇಷನ್ ಮಾಡಬೇಕಾಗ್ತದ," ಎಂದರು. ಸಾಹೇಬರ ಮುಖ ಅವರ ಅನ್ನದಷ್ಟೇ ಬೆಳ್ಳಗಾಯಿತು.

"ಕರುಳಾಗ ಕಣ್ಣಿಗೆ ಕಾಣದ ಜೀವಾಣು ಕೋಟಿಗಟ್ಟಲೆ ಇರ್ತಾವ್ರಿ. ಕಾಳು, ಪಲ್ಯ, ಜ್ವಾಳದಾಗಿನ ನಾರೇ ಅವಕ್ಕ ಊಟ. ನೀವು ಅವನ್ನ ಉಪವಾಸ ಕೆಡವಿ, ಮ್ಯಾಲ ಜುಲಾಬು ಹಾಕಿ ತೊಳದೀರಿ. ಮನ್ಯಾಗ ಇನ್ಯಾರಿಗರೆ ಈ ತ್ರಾಸ ಅದೇನು?"

"ಯಾರಿಗೂ ಇಲ್ರಿ," ಎಂದಳು ಚಂದಮ್ಮ.

"ಎಲ್ಲಾರೂ ಒಂದೇ ಊಟ ಉಣ್ತೀರಿ?"

ಚಂದಮ್ಮ ಗಂಡನ ಕಡೆ ನೋಡಿದಳು. ಇನ್ನು ಸುಮ್ಮನಿದ್ದರೆ ಅವನ ಮೈಗೆ ಕತ್ತಿ ಬೀಳುವುದು ಖಂಡಿತ. "ಇಲ್ರಿ. ನಾವಿಬ್ಬರೂ ರೊಟ್ಟಿನೇ ಉಣ್ತೀವಿ," ಎಂದುಬಿಟ್ಟಳು.

ಬಸವಂತರಾಯ ರೈಲು ಹತ್ತಿ ವಾಡಿಗೆ ಮರಳಿದ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಹಾರಾಡಿದ. "ನಾಕು ವರ್ಷ ನನ್ನ ಕಣ್ಣಿಗಿ ಮಣ್ಣೆರಚಿದ್ರಿ!"

"ಹಿಟ್ಟಿನ ಡಬ್ಬಿ ಅಡಿಗಿ ಮನ್ಯಾಗೇ ಇತ್ತರಿ, ಮುಚ್ಚಿಟ್ಟಿದ್ದಿಲ್ಲ. ನಾಕು ವರ್ಷದಾಗ ಒಂದಿನಾನೂ ಒಳಗ ಬಂದು 'ನೀ ಏನ್ ಉಂಡಿ' ಅಂತ ಕೇಳಿರೇನು? ಕೇಳಿದ್ರ ಹೇಳ್ತಿದ್ದೆ."

ಅವನು ಅಡಿಗೆ ಮನೆ ಹೊಕ್ಕು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಆಮೇಲೆ ನೆಲ ನೋಡುತ್ತ ಕೇಳಿದ: "ಇವತ್ತ ಏನ್ ಉಂಡಿ?"

"ಮುಂಜಾನಿಂದ ನಿಮ್ಮ ಸಲುವಾಗೇ ಓಡ್ಯಾಡಾಕತ್ತೀನಿ," ಎಂದಳು ಚಂದಮ್ಮ. "ಇನ್ನಾ ಉಂಡಿಲ್ರಿ."