ಹಿಂದಿನ ಬೆಂಚಿನ ನಾಲ್ಕು ಬೋಲ್ಟು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಶಿವಮೊಗ್ಗದ ಬಸ್ ಡಿಪೋದಲ್ಲಿ ಟ್ರಾಫಿಕ್ ಸೂಪರ್‌ವೈಸರ್ ಆಗಿದ್ದೆ. ಪದವಿಯ ಹೆಸರು ಕೇಳಿ ಯಾರೋ ದೊಡ್ಡ ಸಾಹೇಬ ಎಂದುಕೊಳ್ಳಬೇಡಿ. ತಗಡಿನ ಶೆಡ್ಡಿನ ಮೂಲೆಯಲ್ಲೊಂದು ಮೇಜು, ಕಾಲು ಅಲ್ಲಾಡುವ ಕುರ್ಚಿ, ಒಂಬತ್ತು ಬಸ್ಸುಗಳ ಹೊಗೆ, ಇಷ್ಟೇ ನನ್ನ ಸಾಮ್ರಾಜ್ಯ. ಊರೊಳಗಿನ ಬಸ್ಸುಗಳನ್ನೂ ಭದ್ರಾವತಿಗೆ ಹೋಗಿಬರುವ ಬಸ್ಸುಗಳನ್ನೂ ಆಗ ಊರಿನವರೇ ಕೂಡಿ ಕಟ್ಟಿಕೊಂಡ ಒಂದು ಸಂಘ ನಡೆಸುತ್ತಿತ್ತು. ಪೆಟ್ರೋಲಿಗೆ ರೇಷನ್ ಇದ್ದುದರಿಂದ ಬಸ್ಸುಗಳಿಗೆ ಗ್ಯಾಸ್ ಪ್ಲಾಂಟ್ ಕಟ್ಟಿದ್ದೆವು. ಅಂದರೆ ಡ್ರಮ್ಮಿನಂಥ ಒಂದು ಒಲೆ. ಅದರಲ್ಲಿ ಇದ್ದಿಲು ಉರಿಸಿ, ಹುಟ್ಟಿದ ಅನಿಲದಿಂದ ಎಂಜಿನ್ ಓಡಿಸುವುದು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ತಳ್ಳುತ್ತ ನನ್ನನ್ನು ಬೈಯುತ್ತಿದ್ದರು, ಏರನ್ನು ನಾನೇ ಕಟ್ಟಿಸಿದ ಹಾಗೆ!

ಆ ವರ್ಷ ಸಂಘದ ಬಸ್ಸುಗಳನ್ನೆಲ್ಲ ಹೊಸದಾಗಿ ಹುಟ್ಟಿದ ಪ್ರಾದೇಶಿಕ ಸಾರಿಗೆ ಮಂಡಳಿಗೆ ವಹಿಸಿಕೊಡಬೇಕೆಂದು ತೀರ್ಮಾನವಾಯಿತು. ಮಂಡಳಿಯ ಕಡೆಯಿಂದ ಒಬ್ಬ ಸ್ಪೆಷಲ್ ಆಫೀಸರ್ ಬಂದರು. ಟೈರು ಎಷ್ಟು ಸವೆದಿದೆ, ಬ್ಯಾಟರಿ ಯಾವ ಸ್ಥಿತಿಯಲ್ಲಿದೆ, ಯಾವ ಡ್ರೈವರಿಗೆ ಲೈಸೆನ್ಸ್ ಇದೆ ಎಂದು ಒಂದೊಂದನ್ನೂ ಕೂತು ನೋಡಿದರು. ಮನುಷ್ಯ ಒಳ್ಳೆಯವರು, ಲಂಚದ ವಾಸನೆ ಕಂಡರೆ ಆಗುತ್ತಿರಲಿಲ್ಲ. ಡ್ರೈವರುಗಳಿಗೆ ತಿಂಗಳ ಸಂಬಳ ಕಾಯಂ ಆದದ್ದು ಅವರಿಂದ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಲು ಕಲಿತದ್ದೂ ಅವರಿಂದಲೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಕಥೆಯಲ್ಲಿ ದುಷ್ಟನನ್ನು ಹುಡುಕಿದರೆ ನಿಮಗೆ ಸಿಗುವುದಿಲ್ಲ.

ನಮ್ಮ ಸಂಘದ ಬಸ್ಸುಗಳಲ್ಲಿ ಒಂದು ಪದ್ಧತಿಯಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲೈನುಗಳಲ್ಲಿ, ಎಂದರೆ ಸಾಲುಮನೆಗಳಲ್ಲಿ, ಯಾರಿಗಾದರೂ ಕಾಯಿಲೆ ಜೋರಾದರೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ತರುತ್ತಿದ್ದರು. ಅಲ್ಲಿ ತೀರಿಕೊಂಡರೆ ಹೆಣವನ್ನು ಮನೆಗೆ ಒಯ್ಯುವುದು ಹೇಗೆ? ರೈಲಿನಲ್ಲಿ ಸಾಗಿಸಬೇಕೆಂದರೆ ಬಡವರ ಕೈಗೆಟುಕದಷ್ಟು ಖರ್ಚು. ಎತ್ತಿನ ಗಾಡಿಯಾದರೆ ಕತ್ತಲಾಗಿಬಿಡುತ್ತದೆ. ಆದ್ದರಿಂದ ಮಧ್ಯಾಹ್ನದ ಕೊನೆಯ ಬಸ್ಸಿನ ಹಿಂದಿನ ಬೆಂಚಿಗೆ ನಾಲ್ಕೇ ಬೋಲ್ಟು ಹಾಕಿರುತ್ತಿದ್ದರು. ಸುದ್ದಿ ಬಂದರೆ ಬೆಂಚು ಬಿಚ್ಚಿ ಡಿಪೋದಲ್ಲಿಡುವುದು, ಆ ಜಾಗದಲ್ಲಿ ಚಾಪೆ ಹಾಸಿ ಹೆಣ ಮಲಗಿಸುವುದು. ಉಳಿದ ಪ್ರಯಾಣಿಕರು ಮುಂದೆ ಒತ್ತರಿಸಿಕೊಂಡು ಕೂರುತ್ತಿದ್ದರು. ಯಾರೂ ತಕರಾರು ಎತ್ತಿದ್ದು ನಾನು ಕಾಣೆ. ಸಂತೆಗೆ ಬಂದ ಹೆಂಗಸು ಮುಡಿಯಲ್ಲಿದ್ದ ಹೂವನ್ನೇ ತೆಗೆದು ಹೆಣದ ಮೇಲಿಟ್ಟದ್ದನ್ನು ಕಂಡಿದ್ದೇನೆ. ಆಮೇಲೆ ಡ್ರೈವರು ಭದ್ರೆಯ ದಡದಲ್ಲಿ ಬಸ್ಸು ತೊಳೆದು, ತಾನೂ ಮುಳುಗಿ, ಚಕ್ರಕ್ಕೊಂದು ನಿಂಬೆಹಣ್ಣಿಟ್ಟು ವಾಪಸು ಬರುತ್ತಿದ್ದ. ಇದನ್ನು ಹೀಗೆ ಮಾಡಿ ಎಂದು ಯಾರೂ ಯಾವತ್ತೂ ಅಪ್ಪಣೆ ಕೊಟ್ಟಿರಲಿಲ್ಲ.

ಆ ಬಸ್ಸಿನ ಡ್ರೈವರು ರುದ್ರಪ್ಪ. ಹೊಲಮನೆ ಅಣ್ಣನಿಗೆ ಬಿಟ್ಟು ಸ್ಟಿಯರಿಂಗ್ ಹಿಡಿದವನು, ಮಾತು ಕಡಿಮೆ. ಹಸ್ತಾಂತರಕ್ಕೆ ಮುಂಚೆ ಅವನೇ ಬಂದು, ಬೆಂಚಿನ ವಿಷಯ ಹೊಸ ಸಾಹೇಬರ ಕಿವಿಗೆ ಹಾಕಿ ಎಂದ. ಹಾಕಿದೆ. ಆಫೀಸರ್ ಬೆಚ್ಚಿಬಿದ್ದರು. ಕಾಲರಾ, ಪ್ಲೇಗು ಕಂಡ ಊರಿನಲ್ಲಿ ಜನ ಕೂರುವ ಬಸ್ಸಿನಲ್ಲಿ ಹೆಣವೇ ಎಂದರು. ಮೋಟಾರು ಕಾನೂನಿನ ಮಾತು ತೆಗೆದರು. ನಾನು ವಾದಿಸಿದೆ, ಸ್ವಲ್ಪ ದನಿ ಎತ್ತರಿಸಿಯೇ ವಾದಿಸಿದೆ. ಹಾಗೆಂದು ಅವರು ಹೇಳಿದ್ದು ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಕೊನೆಗೆ ಅವರು, "ಬೇರೆ ವ್ಯಾನೇ ತರಿಸೋಣ ರಾಯರೇ, ಅಲ್ಲೀತನಕ ಬೇಡ," ಎಂದರು. ವ್ಯಾನಿಗೆ ಮಂಜೂರಾತಿಯೂ ಸಿಕ್ಕಿತು. ಆದರೆ ಯುದ್ಧ ಮುಗಿದ ಹೊಸತರಲ್ಲಿ ಛಾಸಿಸ್, ಅಂದರೆ ಗಾಡಿಯ ಅಡಿಕಟ್ಟು, ಎಲ್ಲಿಂದ ಬರಬೇಕು? ವ್ಯಾನು ಬರುವ ಮುಂಚೆ ಬಂದದ್ದು ರಿವೆಟ್ ಹೊಡೆಯುವವನು. ಬೋಲ್ಟು ತೆಗೆದು ಬೆಂಚನ್ನು ತಳಕ್ಕೆ ಕಾಯಂ ಜಡಿದುಬಿಟ್ಟ.

ಹಸ್ತಾಂತರದ ದಿನ ಬಸ್ಸುಗಳಿಗೆಲ್ಲ ಮಾವಿನ ತೋರಣ, ಕುಂಕುಮ, ತೆಂಗಿನಕಾಯಿ. ಭಾಷಣವೂ ಆಯಿತು. ಅದಾದ ವಾರದೊಳಗೆ ಒಂದು ಕುಟುಂಬ ಹೆಣ ತಂದು ಬಸ್ ಸ್ಟ್ಯಾಂಡಿನಲ್ಲಿ ಕೂತಿತು. ಕಂಡಕ್ಟರು ಕೈಮುಗಿದು ಆಗುವುದಿಲ್ಲ ಎಂದ. ಅವರಿಗೆ ನಂಬಿಕೆ ಬರಲಿಲ್ಲ. ಸಂಜೆಯವರೆಗೂ ಮಳೆಯಲ್ಲಿ ಕಾದು, ಆಮೇಲೆ ಗಾಡಿ ಹಿಡಿದು ಹೋದರು. ಸುದ್ದಿ ಅವರಿಗಿಂತ ಮುಂಚೆ ಭದ್ರಾವತಿಯ ಲೈನುಗಳನ್ನು ಮುಟ್ಟಿತು.

ಅದಾದ ಮೇಲೆ ಯಾರೂ ಹೆಣ ತರಲಿಲ್ಲ. ಬದಲಿಗೆ ಭದ್ರಾವತಿಗೆ ವಾಪಸಾಗುವ ಮಧ್ಯಾಹ್ನದ ಬಸ್ಸಿನಲ್ಲಿ ರೋಗಿಗಳು ಹೆಚ್ಚಾದರು. ಕಂಬಳಿ ಹೊದ್ದವರು, ಇಬ್ಬರ ಹೆಗಲ ಮೇಲೆ ಕೈ ಹಾಕಿ ಕಾಲೆಳೆಯುತ್ತ ಬರುವವರು. ಆಸ್ಪತ್ರೆಯಲ್ಲಿ ಈಗ ಬಹಳ ಜನಕ್ಕೆ ವಾಸಿಯಾಗುತ್ತಿದೆಯಲ್ಲ ಎಂದು ಒಂದು ದಿನ ನಾನು ಖುಷಿಯಿಂದಲೇ ಅಂದೆ. ರುದ್ರಪ್ಪ ಒಲೆಗೆ ಇದ್ದಿಲು ತುಂಬುತ್ತಿದ್ದವನು ಕೈ ನಿಲ್ಲಿಸಿದ.

"ಇವ್ರು ವಾಸಿಯಾಗಿ ಹೋಗ್ತಿರೋರಲ್ಲ ರಾಯ್ರೇ. ಸತ್ರೆ ಬಸ್ಸಿಗೆ ಹತ್ತಿಸಲ್ಲ ಅಂತ, ಉಸಿರಿರೋವಾಗ್ಲೇ ಕರ್ಕೊಂಡು ಹೋಗ್ತಿದಾರೆ."

ಅಂದೇ ಆಫೀಸರಿಗೆ ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡು, ವ್ಯಾನಿಗಾಗಿ ಇನ್ನೊಮ್ಮೆ ಬರೆಯುತ್ತೇನೆ ಎಂದರು. ಬರೆದರು ಕೂಡ.

ಪೆರುಮಾಳ್ ಬಂದದ್ದು ಅದೇ ತಿಂಗಳಲ್ಲಿ. ಕಾರ್ಖಾನೆಯ ಕುಲುಮೆಯ ಕೆಲಸಗಾರ, ಮನೆಮಾತು ತಮಿಳು, ನಮ್ಮ ಕಡೆಯ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವನ ಹೆಂಡತಿ ಕನಕಮ್ಮನಿಗೆ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಬಾಣಂತಿಗೆ ಜ್ವರ ಹಿಡಿದಿತ್ತು. ಡಾಕ್ಟರು ಬೇಡ ಬೇಡವೆಂದರೂ ಹೆಬ್ಬೆಟ್ಟು ಒತ್ತಿ ಬಿಡಿಸಿಕೊಂಡು ಬಂದಿದ್ದ. ರುದ್ರಪ್ಪ ನನ್ನನ್ನು ಕರೆಸಿದ. ಹೋಗಿ ನೋಡಿದೆ. ಆಕೆ ಹಿಂದಿನ ಬೆಂಚಿನ ಮೇಲೆ ಮುದುಡಿ ಮಲಗಿದ್ದಳು, ತುಟಿ ಒಡೆದಿತ್ತು, ಕಣ್ಣು ಮಾತ್ರ ಎಲ್ಲರನ್ನೂ ನೋಡುತ್ತಿತ್ತು.

ಆಕೆಗೆ ಕೇಳಿಸದ ಹಾಗೆ ಪೆರುಮಾಳನನ್ನು ಕೆಳಗಿಳಿಸಿ ಕೇಳಿಕೊಂಡೆ. ಇನ್ನೆರಡು ದಿನ ಆಸ್ಪತ್ರೆಯಲ್ಲೇ ಬಿಡಪ್ಪಾ, ಏನಾದರೂ ಆದರೆ ನಾನೇ ಬಸ್ಸು ಕಳಿಸುತ್ತೇನೆ ಎಂದೆ. ರುದ್ರಪ್ಪನೂ ಇಳಿದು ಬಂದು, "ನನ್ ಕೆಲಸ ಹೋದ್ರೆ ಹೋಗ್ಲಿ ಮಾರಾಯ, ನಾನ್ ತರ್ತೀನಿ, ಹುಲಿಗೆಮ್ಮನ ಆಣೆ," ಎಂದ.

ಪೆರುಮಾಳ್ ನಮ್ಮಿಬ್ಬರ ಮುಖವನ್ನೂ ನೋಡಿದ. "ನೀವು ಒಳ್ಳೇವ್ರೇ ಸಾಮಿ. ಅವತ್ತು ಮಳೇಲಿ ಕೂತೋರು ನಮ್ಮ ಪಕ್ಕದ ಮನೆಯೋರು. ಅವರಿಗೂ ಎಲ್ಲಾ ಒಳ್ಳೇ ಮಾತೇ ಹೇಳಿದ್ರು. ಮನೇಲಿ ಎರಡು ಹೆಣ್ಣುಮಕ್ಕಳವೆ. ತಾಯಿ ಮುಖ ನೋಡ್ಬೇಕು."

ಬಲವಂತವಾಗಿ ಇಳಿಸುವ ಅಧಿಕಾರ ನನಗಿರಲಿಲ್ಲ. ಆಕೆ ಜೀವಂತ ಪ್ರಯಾಣಿಕಳು, ಟಿಕೆಟ್ಟು ಕೊಂಡಿದ್ದಳು. ಮನಸ್ಸು ತಡೆಯದೆ ನಾನೂ ಅದೇ ಬಸ್ಸು ಹತ್ತಿದೆ.

ಮಾಚೇನಹಳ್ಳಿ ದಾಟಿದ ಮೇಲೆ ಕನಕಮ್ಮನ ಉಸಿರು ನಿಂತಿತು. ಹೊಸ ನಿಯಮದ ಪ್ರಕಾರ ಬಸ್ಸು ಅಲ್ಲೇ ನಿಲ್ಲಬೇಕು, ಹೆಣ ಇಳಿಸಬೇಕು, ಪೊಲೀಸ್ ಠಾಣೆಗೆ ತಿಳಿಸಬೇಕು. ಪೆರುಮಾಳ್ ಟವೆಲಿನಿಂದ ಗಾಳಿ ಬೀಸುತ್ತಿದ್ದವನು ಬೀಸುತ್ತಲೇ ಇದ್ದ, ನಿಲ್ಲಿಸಿದರೆ ಗೊತ್ತಾಗಿಬಿಡುತ್ತದಲ್ಲ. ಎದುರು ಸೀಟಿನ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಂಡಕ್ಟರು ಕಿಟಕಿಯಾಚೆ ನೋಡಿದ. ಮುಂದೆ ಏರು ಬಂದಾಗ ಗಂಡಸರೆಲ್ಲ ಸದ್ದಿಲ್ಲದೆ ಇಳಿದು ತಳ್ಳಿದರು. ಅವತ್ತು ಯಾರೂ ನನ್ನನ್ನು ಬೈಯಲಿಲ್ಲ. ರುದ್ರಪ್ಪ ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯದೆ ನೇರ ಲೈನಿನ ಮುಂದೆ ನಿಲ್ಲಿಸಿದ. ಹೆಣ್ಣುಮಕ್ಕಳಿಬ್ಬರೂ ಅವ್ವ ಬಂದಳೆಂದು ಓಡಿ ಬಂದರು. ಅದನ್ನು ಮಾತ್ರ ನಾನು ಬರೆಯಲಾರೆ.

ರುದ್ರಪ್ಪ ಎಂದಿನಂತೆ ಭದ್ರೆಗೆ ಹೋಗಿ ಬಸ್ಸು ತೊಳೆದ. ಮಾರನೆಯ ದಿನ ಬಸ್ಸು ತಡವಾದುದಕ್ಕೆ ಆಫೀಸರ್ ವಿವರಣೆ ಕೇಳಿದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿ, "ನಡುದಾರೀಲಿ ಇಳಿಸೋಕೆ ನನ್ ಕೈಲಿ ಆಗ್ಲಿಲ್ಲ ಸ್ವಾಮಿ," ಎಂದ. ಆಫೀಸರ್ ಎದ್ದು ಶೆಡ್ಡಿಗೆ ಬಂದು, ಯಾರನ್ನೂ ಕೇಳದೆ, ಆ ಬೆಂಚಿನ ರಿವೆಟ್ ಕಡಿಸಿ ಮತ್ತೆ ನಾಲ್ಕು ಬೋಲ್ಟು ಹಾಕಿಸಿದರು. ವ್ಯಾನು ಬರುವವರೆಗೆ ಹಾಗೇ ನಡೆಯಿತು. ರುದ್ರಪ್ಪನ ಕೆಲಸವೂ ಉಳಿಯಿತು.

ಅದೇ ದಿನ ನಾನು ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದಿತ್ತು ಅನ್ನಿಸುತ್ತದೆ. ಡಾಕ್ಟರು, ಆಕೆಗೆ ನಿನ್ನೆ ಬೆಳಿಗ್ಗೆಯಿಂದ ಜ್ವರ ಇಳಿಯತೊಡಗಿತ್ತು, ಅಲ್ಲಾಡಿಸದೆ ಮಲಗಿಸಿದ್ದರೆ ಉಳಿಯುತ್ತಿದ್ದಳೇನೋ ಎಂದರು.

ಆಮೇಲೆ ನಾನು ಮಂಡಳಿಯ ಪರವಾಗಿ ಬೇರೆ ಊರುಗಳಲ್ಲೂ ಇಂಥ ಹಸ್ತಾಂತರಗಳನ್ನು ಮಾಡಿದೆ. ಹೋದಲ್ಲೆಲ್ಲ ಟೈರು ನೋಡುವ ಮೊದಲು ಡ್ರೈವರುಗಳನ್ನು ಕೂರಿಸಿಕೊಂಡು, ಯಾರೂ ಹೇಳದೆ ನೀವು ಮಾಡುತ್ತಿರುವ ಕೆಲಸ ಏನೇನಿದೆ ಎಂದು ಕೇಳುತ್ತಿದ್ದೆ. ಕಿರಿಯ ಅಧಿಕಾರಿಗಳು ಒಳಗೊಳಗೇ ನಗುತ್ತಿದ್ದರು. ನಗಲಿ. ಒಂದು ಸೌಕರ್ಯವನ್ನು ಮೊದಲು ನಿಲ್ಲಿಸಿ ಬದಲಿಯನ್ನು ಆಮೇಲೆ ತರುತ್ತೇವೆ ಎನ್ನುವವರ ಜೊತೆ ನಾನು ನಿವೃತ್ತಿಯಾಗುವವರೆಗೂ ಜಗಳವಾಡಿದ್ದೇನೆ.

ಪೆರುಮಾಳ್ ಮತ್ತೆ ಸಿಕ್ಕಿದ್ದು ಒಮ್ಮೆ ಮಾತ್ರ, ಭದ್ರಾವತಿಯ ಬಸ್ ಸ್ಟ್ಯಾಂಡಿನಲ್ಲಿ. ಚಿಕ್ಕ ಮಗಳ ಕೈ ಹಿಡಿದುಕೊಂಡಿದ್ದ. ಕುಶಲ ಕೇಳಲಿಲ್ಲ, ಹೇಳಲಿಲ್ಲ. "ಅಲ್ಲೇ ಬಿಟ್ಟಿದ್ರೆ ಉಳೀತಿದ್ಲಾ ಸಾಮಿ?" ಎಂದು ಕೇಳಿದ.

"ಇಲ್ಲಪ್ಪ, ಡಾಕ್ಟ್ರು ಆಗ್ಲೇ ಕೈಬಿಟ್ಟಿದ್ರು," ಎಂದೆ.

ಅವನು ತಲೆಯಾಡಿಸಿ, ಮಗಳನ್ನು ಎತ್ತಿ ಬಸ್ಸಿನೊಳಗೆ ಕೂರಿಸಿ, ತಾನೂ ಹತ್ತಿದ. ಇಡೀ ಸರ್ವೀಸಿನಲ್ಲಿ ನಾನು ಬೇಕೆಂದೇ ಹೇಳಿದ ಸುಳ್ಳು ಅದೊಂದೇ. ಅವನು ಇವತ್ತು ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.