ಅಕ್ಕಿಹುಳಕ್ಕೊಂದು ಅರೋಮಾ ಥೆರಪಿ

ಕಳೆದ ಭಾನುವಾರ ಬೆಳಗ್ಗೆ ಎಂದಿನಂತೆ ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಸಿದೆ, ಬಾಗಿಲಿಗೆ ಎರಡೆಳೆ ರಂಗೋಲಿ ಎಳೆದೆ. ಆಮೇಲೆ ಅಕ್ಕಿ ಮೂಟೆಯ ಬಾಯಿ ಬಿಚ್ಚಿದೆ. ಕಣ್ಣಲ್ಲಿ ನೀರು ಬಂತು.

(ಭಾವುಕಳಾಗಿ ಅಲ್ಲ. ಲವಂಗದ ಘಾಟಿಗೆ.)

ಮೂಟೆಯ ಹಿನ್ನೆಲೆ ಹೇಳಬೇಕು. ನಮ್ಮವರು ಬ್ಯಾಂಕ್ ಆಫೀಸರ್. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ, ಹಳೇ ಊರಿನ ಗವರ್ನರ್‌ಪೇಟೆಯ ಹೋಲ್‌ಸೇಲ್ ಅಂಗಡಿಯ ಹಳೇ ಅಕ್ಕಿಯನ್ನು ಲಾರಿಗೆ ಹೇರಿಸಿ ತಂದರು. ಈ ವೈಜಾಗಿನಲ್ಲಿ ಅಕ್ಕಿ ಸಿಗುವುದಿಲ್ಲವೇ? ಕೇಳಬಾರದು. ಜೊತೆಗೆ ಪುಟ್ಟ ಸೊಂಡಿಲಿನ ಕಪ್ಪು ಹುಳಗಳೂ ಬಂದವು. ಆರ್ಡರ್ ಬಂದದ್ದು ಇವರಿಗೆ, ಸಂಸಾರ ಸಮೇತ ಡ್ಯೂಟಿಗೆ ಹಾಜರಾದದ್ದು ಅವು.

ಇಲ್ಲಿನ ನಾಲ್ಕಾರು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರುತ್ತವೆ. ಆ ಭಾನುವಾರ ನಮ್ಮ ಮೊದಲ ಸರದಿ. ಹೊಸ ಊರಿನಲ್ಲಿ ಕನ್ನಡದಲ್ಲಿ ಹರಟಲು ನನಗಿರುವುದು ಇವರಷ್ಟೇ. (ಮಗಳು ಈಗಾಗಲೇ ನನ್ನೊಡನೆ ತೆಲುಗಿನಲ್ಲಿ ಜಗಳವಾಡುತ್ತಾಳೆ.) ತಟ್ಟೆಯಲ್ಲಿ ಒಂದು ಹುಳ ಕಂಡರೂ ಮುಗಿಯಿತು ನನ್ನ ಹರಟೆ.

“ಅಂಗಡಿಯವರು ಕೊಡೋ ಮಾತ್ರೆ ಹಾಕ್ಬಿಡ್ಲಾ?” ಎಂದಿದ್ದೆ, ವಾರದ ಹಿಂದೆ.

“ವಿಷ ಕಣೇ ಅದು! ನ್ಯಾಚುರಲ್ಲಾಗಿ ಮಾಡೋಣ.”

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರು. ವಿಜ್ಞಾನಿಯಾಗಲು ಈಗ ಇನ್ನೇನು ಬೇಕು?

ಕಾಫಿಪುಡಿಯ ಖಾಲಿ ಬಾಟಲಿಗಳಿಗೆ ಅಕ್ಕಿ, ಹುಳ, ಎಣ್ಣೆಯಲ್ಲಿ ಅದ್ದಿದ ಹತ್ತಿ. ಒಂದಕ್ಕೆ ನೀಲಗಿರಿ, ಒಂದಕ್ಕೆ ನಿಂಬೆಹುಲ್ಲು, ಒಂದಕ್ಕೆ ಲವಂಗ. ಇನ್ನೊಂದಕ್ಕೆ ಏನೂ ಹಾಕಬೇಡಿ, ಹೋಲಿಸಿ ನೋಡೋಕೆ ಬೇಕು ಎಂದವಳು ನಾನು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಸೈನ್ಸ್ ಅಷ್ಟಾದರೂ ಉಳಿದಿದೆ.

ನೀಲಗಿರಿಯ ಹುಳಗಳು ನೆಗಡಿ ವಾಸಿಯಾದವರಂತೆ ಚುರುಕಾದವು. ನಿಂಬೆಹುಲ್ಲಿನವು ಸ್ಪಾಗೆ ಬಂದವರಂತೆ ಮಲಗಿ, ಎದ್ದವು. ಏನೂ ಹಾಕದ ಬಾಟಲಿಯವು ಅಕ್ಕಿ ತಿನ್ನುತ್ತಲೇ ಇದ್ದವು. ಲವಂಗದವು ಮಲಗಿದವು, ಏಳಲಿಲ್ಲ.

ಲವಂಗ ಸ್ಯಾಂಕ್ಷನ್ ಆಯಿತು. ಬಾಟಲಿಗೆ ಇಷ್ಟಾದರೆ ಮೂಟೆಗೆ ಎಷ್ಟು? ಬ್ಯಾಂಕಿನವರಲ್ಲವೇ, ಗುಣಿಸಿದರು. ಹತ್ತಿಯ ರಗಳೆ ಯಾಕೆಂದು ಶನಿವಾರ ಎಣ್ಣೆಯನ್ನು ಸೀದಾ ಅಕ್ಕಿಗೇ ಸುರಿದರು.

ಹುಳಗಳೇನಾದವು? ಭಾನುವಾರ ಮೂಟೆ ಬಿಚ್ಚಿದಾಗ ಕೆಲವು ಸತ್ತಿದ್ದವು. ಉಳಿದವು ಗೋಡೆ ಹಿಡಿದು ಶಿಸ್ತಾಗಿ ಗೋಧಿ ಡಬ್ಬದ ಕಡೆ ಹೊರಟಿದ್ದವು. ಮತ್ತೊಂದು ಟ್ರಾನ್ಸ್‌ಫರ್.

ಅಕ್ಕಿಯನ್ನು ತೊಳೆದೇ ತೊಳೆದೆ. “ಬೇರೆ ಅಕ್ಕಿ ತನ್ನಿ ಅಂದ್ರೆ...”

“ಬಿಸಿಬೇಳೆ ಬಾತಿಗೆ ಹೇಗೂ ಲವಂಗ ಹಾಕ್ತೀಯಲ್ಲ!”

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಗುಂಪಿನ ಹಿರಿಯರಾದ ಶಾರದಕ್ಕ ಮೊದಲ ತುತ್ತಿಗೇ ಕಣ್ಣರಳಿಸಿದರು. “ಏನ್ ಘಮ ರೀ! ಪುಡಿ ಊರಿಂದ ತರ್ಸಿದ್ದಾ?” ನಮ್ಮವರ ಮುಖದಲ್ಲಿ ಪ್ರಮೋಷನ್ ಕಳೆ.

ಆಮೇಲೆ ಮೊಸರನ್ನ ಬಂತು. ಪಾಪ, ಅದಕ್ಕೆ ಏನನ್ನೂ ಮುಚ್ಚಿಡಲು ಬರುವುದಿಲ್ಲ. ಒಬ್ಬೊಬ್ಬರಾಗಿ ನೀರಿನ ಲೋಟಕ್ಕೆ ಕೈ ಹಾಕಿದರು.

“ನಾಲಿಗೆ ಜೋಮು ಹಿಡಿದ ಹಾಗಿದೆಯಲ್ಲಮ್ಮಾ?” ಎಂದರು ಶಾರದಕ್ಕ.

“ಪ್ಯೂರ್ ನ್ಯಾಚುರಲ್, ಮೇಡಂ!” ಎಂದರು ನಮ್ಮವರು.

ಹರಟೆಗೆಂದು ಕರೆದು, ಹರಟುವ ನಾಲಿಗೆಗಳನ್ನೇ ಮರಗಟ್ಟಿಸಿ ಕಳಿಸಿದೆ. ಹೊರಡುವಾಗ ಶಾರದಕ್ಕ ಮೆಲ್ಲಗೆ, “ಮುಂದಿನ ತಿಂಗಳು ಹೋಟ್ಲಲ್ಲೇ ಸೇರೋಣ್ವಾ?” ಎಂದರು.

ಹುಳ ಸಾಯುವಷ್ಟು ಹಾಕಿದರೆ ನಾವು ತಿನ್ನಲಾಗದು. ನಾವು ತಿನ್ನುವಷ್ಟು ಹಾಕಿದರೆ ಹುಳವೂ ನೆಮ್ಮದಿಯಾಗಿ ತಿನ್ನುತ್ತದೆ. ವಿಡಿಯೋದವರು ಇದನ್ನೇಕೆ ಹೇಳುವುದಿಲ್ಲ? ಆದರೆ ‘ನ್ಯಾಚುರಲ್’ ಎಂದ ಮೇಲೆ ಅಳತೆ ಕೇಳುವವರಾದರೂ ಯಾರು?

ಮಿಕ್ಕ ಮೊಸರನ್ನವನ್ನು ‘ವೇಸ್ಟ್ ಮಾಡಬಾರದು’ ಎಂದು ನಮ್ಮವರು ಪಕ್ಕದ ಫ್ಲ್ಯಾಟಿನ ಸುಬ್ಬಲಕ್ಷ್ಮಿಗಾರಿಗೆ ಕೊಟ್ಟುಬಂದಿದ್ದರು. ಸಂಜೆ ಆಕೆ ತೊಳೆದ ಡಬ್ಬದಲ್ಲಿ ಒಂದು ಮೊಳ ಮಲ್ಲಿಗೆ ಇಟ್ಟು ತಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಅವರೇ ತೆಲುಗಿನಲ್ಲಿ ಶುರುಮಾಡಿದರು (ಕನ್ನಡ ಅನುವಾದ ನನ್ನದು):

“ಚಾಲಾ ಬಾಗುಂದಂಡಿ, ತುಂಬಾ ಚೆನ್ನಾಗಿತ್ತು! ನಮ್ಮ ಮನೆಯವರ ಹಲ್ಲುನೋವು ಊಟ ಮಾಡ್ತಾ ಮಾಡ್ತಾನೇ ಹೋಯ್ತು. ನಾಳೆನೂ ಮಾಡ್ತೀರಾ?”